ಯಮಾಲ್‌ಗೆ ಮಾತ್ರ ಯಾಕೆ ಇಷ್ಟೊಂದು ಹೆಸರು?

ಪ್ರಶ್ನೆ: ನನ್ನ ಮಗನಿಗೆ ಹದಿಮೂರು ವರ್ಷ. ಮಧ್ಯರಾತ್ರಿ ಎದ್ದು ಬಾರ್ಸಿಲೋನಾ ತಂಡದ ಫುಟ್‌ಬಾಲ್ ಮ್ಯಾಚ್ ನೋಡ್ತಾನೆ. ಅವನಿಗೂ ಅವನ ಗೆಳೆಯರಿಗೂ ಲಮೀನ್ ಯಮಾಲ್ ಅಂದರೆ ಪ್ರಾಣ. ಯಮಾಲ್ ವಯಸ್ಸಿನ ಬೇರೆ ಹುಡುಗರೂ ಚೆನ್ನಾಗಿ ಆಡುತ್ತಾರಂತೆ. ಒಬ್ಬನ ಹಿಂದೆಯೇ ಎಲ್ಲರೂ ಯಾಕೆ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ನಿಮ್ಮ ಮಗನ ಆಯ್ಕೆ ಸರಿಯಾಗಿಯೇ ಇದೆ ತಾಯಿ. 2024ರ ಜುಲೈ 9ರ ರಾತ್ರಿ ನಾನೂ ಟಿವಿ ಮುಂದೆ ಇದ್ದೆ. ಯೂರೋ ಕಪ್ ಸೆಮಿಫೈನಲ್. ಯಮಾಲ್ ಆಡುವ ಸ್ಪೇನ್ ವಿರುದ್ಧ ಫ್ರಾನ್ಸ್ ಆಗಲೇ ಒಂದು ಗೋಲು ಹೊಡೆದಿತ್ತು. ಆಗ ಈ ಹುಡುಗ ಪೆನಾಲ್ಟಿ ಬಾಕ್ಸ್ ಹೊರಗಿನಿಂದ ಎಡಗಾಲಲ್ಲಿ ಚೆಂಡು ತಿರುಗಿಸಿ ಹೊಡೆದ. ಅದು ಕಂಬಕ್ಕೆ ತಾಗಿ ಒಳಗೆ ಹೋಯಿತು. ಅವನಿಗೆ 17 ತುಂಬಲು ಇನ್ನೂ ನಾಲ್ಕು ದಿನ ಬಾಕಿ! ಆ ಟೂರ್ನಿಗೆ ಶಾಲೆಯ ಹೋಂವರ್ಕ್ ಕಟ್ಟಿಕೊಂಡು ಹೋಗಿದ್ದವನು ಅವನು.

ಗೋಲು ಹೊಡೆದಾಗ ಬೆರಳಲ್ಲಿ 304 ಅಂತ ತೋರಿಸುತ್ತಾನೆ, ನೋಡಿರಬಹುದು. ಅದು ಬಾರ್ಸಿಲೋನಾ ಹತ್ತಿರದ ಮತಾರೋ ಊರಿನಲ್ಲಿ ಅವನು ಬೆಳೆದ ರೊಕಾಫೋಂಡಾ ಬಡಾವಣೆಯ ಪಿನ್‌ಕೋಡ್‌ನ ಕೊನೆಯ ಮೂರು ಅಂಕಿ. ದುಡಿದು ತಿನ್ನುವವರ, ಬೇರೆ ದೇಶಗಳಿಂದ ಬಂದವರ ಬೀದಿಗಳು. ಅಪ್ಪ ಮೊರಾಕೋ ಮೂಲದವರು, ಅಮ್ಮ ಈಕ್ವಟೋರಿಯಲ್ ಗಿನಿಯವರು. ತನ್ನ ಬೀದಿಯನ್ನು ಮರೆಯದ ಹುಡುಗನನ್ನು ಯಾವ ಊರಿನ ಮಕ್ಕಳಾದರೂ ಮೆಚ್ಚುತ್ತಾರೆ, ಅಲ್ವಾ?

ಇನ್ನು ಅವನ ವಾರಿಗೆಯವರು. ಪ್ಯಾರಿಸ್ ತಂಡದ ದೆಜಿರೆ ದುವೆ ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ 2025ರ ಫೈನಲ್‌ನಲ್ಲೇ ಎರಡು ಗೋಲು ಹೊಡೆದ. ಆದರೆ ನನಗೆ ಹೇಳಬೇಕಿರುವುದು ಪೌ ಕುಬಾರ್ಸಿ ಬಗ್ಗೆ. ಯಮಾಲ್‌ಗಿಂತ ಆರು ತಿಂಗಳಿಗೆ ದೊಡ್ಡವನು. ಅದೇ ಬಾರ್ಸಿಲೋನಾ, ಹುಡುಗರನ್ನು ತಯಾರು ಮಾಡುವ ಅದರದ್ದೇ ಲಾ ಮಾಸಿಯಾ ಅಕಾಡೆಮಿ. ಪ್ಯಾರಿಸ್ ಒಲಿಂಪಿಕ್ಸ್ ಚಿನ್ನವೂ ಅವನ ಬಳಿ ಇದೆ. ಆದರೆ ಅವನು ಡಿಫೆಂಡರ್, ಗೋಲು ಬೀಳದಂತೆ ತಡೆಯುವವನು.

ನಾನೂ ಹದಿನೈದು ವರ್ಷ ಅದೇ ಜಾಗದಲ್ಲಿ, ಸ್ಟಾಪರ್ ಬ್ಯಾಕ್ ಆಗಿ ಆಡಿದವನು. ಆ ಜಾಗದ ಕಷ್ಟ ಗೊತ್ತು. 2024ರ ಅಕ್ಟೋಬರ್‌ನಲ್ಲಿ ಬಾರ್ಸಿಲೋನಾ ಮ್ಯಾಡ್ರಿಡ್‌ಗೇ ಹೋಗಿ ರಿಯಲ್ ಮ್ಯಾಡ್ರಿಡನ್ನು 4-0ರಿಂದ ಸೋಲಿಸಿತಲ್ಲ, ಅವತ್ತು ಯಮಾಲ್ ಒಂದು ಗೋಲು ಹೊಡೆದ. ಆ ಗೋಲು ಎಲ್ಲ ಮಕ್ಕಳ ಮೊಬೈಲ್‌ನಲ್ಲೂ ಓಡಿತು. ಅದೇ ಮ್ಯಾಚಿನಲ್ಲಿ ಕುಬಾರ್ಸಿ ಮತ್ತು ಜೊತೆಗಾರರು ಮೈದಾನದ ನಡುಗೆರೆಯ ಹತ್ತಿರದವರೆಗೂ ಮೇಲೆ ಬಂದು ಸಾಲಾಗಿ ನಿಂತಿದ್ದರು. ರಿಯಲ್ ಮ್ಯಾಡ್ರಿಡ್‌ನ ಎಂಬಾಪೆಯಂಥ ಓಟಗಾರ ಮತ್ತೆ ಮತ್ತೆ ಆಫ್‌ಸೈಡ್ ಆದ. ಅಂದರೆ ಜೊತೆಗಾರ ಚೆಂಡು ಕೊಡುವ ಕ್ಷಣದಲ್ಲೇ ಆ ಸಾಲನ್ನು ದಾಟಿರುತ್ತಿದ್ದ; ಹಾಗೆ ಹೊಡೆದ ಗೋಲು ಲೆಕ್ಕಕ್ಕಿಲ್ಲ. ಒಬ್ಬ ಒಂದು ಹೆಜ್ಜೆ ಹಿಂದೆ ಉಳಿದಿದ್ದರೂ ಗೋಲು ಬೀಳುತ್ತಿತ್ತು. ಹದಿನೇಳು ವರ್ಷಕ್ಕೆ ಅಷ್ಟು ಧೈರ್ಯ! ಆದರೆ ಬೀಳದೇ ಹೋದ ಗೋಲನ್ನು ಹತ್ತು ಸೆಕೆಂಡಿನ ವಿಡಿಯೋ ಮಾಡಿ ಯಾರು ನೋಡುತ್ತಾರೆ?

ಮೆಸ್ಸಿ 2021ರಲ್ಲಿ ತಂಡ ಬಿಟ್ಟು ಹೋದ ಮೇಲೆ ಬಾರ್ಸಿಲೋನಾ ಜನ ಅಂಥ ಇನ್ನೊಬ್ಬನಿಗಾಗಿ ಕಾಯುತ್ತಿದ್ದರು ಎನ್ನುವುದೂ ನಿಜ. ಮೆಸ್ಸಿ ತೊಡುತ್ತಿದ್ದ ಹತ್ತನೇ ನಂಬರಿನ ಅಂಗಿ ಈಗ ಯಮಾಲ್ ಮೈಮೇಲಿದೆ. ಕೂಸಾಗಿದ್ದ ಅವನಿಗೆ ಮೆಸ್ಸಿ ಸ್ನಾನ ಮಾಡಿಸುತ್ತಿರುವ ಹಳೆಯ ಫೋಟೋ ಬೇರೆ ಇದೆ.

ಮುಂದಿನ ಮ್ಯಾಚಿಗೆ ಮಗನ ಜೊತೆ ನೀವೂ ಕೂತುಕೊಳ್ಳಿ. ಹತ್ತು ನಿಮಿಷ ಚೆಂಡು ಬಿಟ್ಟು ಕುಬಾರ್ಸಿಯ ಕಾಲನ್ನೇ ನೋಡಲು ಹೇಳಿ. ಅವನು ಯಾವಾಗ ಮುಂದೆ ಬಂದ, ಯಾವಾಗ ನಿಂತ ಅಂತ ಕೇಳಿ. ಮಗ ಏನು ಹೇಳಿದ ಅಂತ ನನಗೆ ಬರೆದು ತಿಳಿಸಿ.