ಆ ಕಪ್ಪು ಉಡುಪನ್ನು ಮೊದಲು ಕಳಚಿ

ಪ್ರಿಯ ಗೆಳೆಯರೇ,

ಜಪಾನಿನ ಹಳೆಯ ಕಾಲದ ಬೇಹುಗಾರರಾದ ನಿಂಜಾಗಳನ್ನು ಕುರಿತ ನಿಮ್ಮ ‘ಕತ್ತಲೆಯ ಹಂತಕರು’ ಲೇಖನ ಓದಿದೆ. ಶ್ರಮಪಟ್ಟಿದ್ದೀರಿ, ಭಾಷೆ ಶುದ್ಧವಾಗಿದೆ, ಇಸವಿಗಳು ಸರಿಯಾಗಿವೆ. ಆದರೆ ಮೊದಲ ಪುಟಕ್ಕೇ ಸಿಟ್ಟು ಬಂತು. ಒಂಬತ್ತನೆಯ ಪುಟಕ್ಕೆ ಬರುವಾಗ ಆ ಸಿಟ್ಟು ಇಮ್ಮಡಿಯಾಯಿತು. ಅಲ್ಲಿರುವ ಸಂಗತಿ ಗೊತ್ತಿದ್ದವರು ಮೊದಲ ಪುಟವನ್ನು ಹೀಗೆ ಬರೆಯಬಾರದಿತ್ತು.

ನಿಮ್ಮ ಮೊದಲ ಸಾಲು: “ಕಗ್ಗತ್ತಲ ರಾತ್ರಿಯಲ್ಲಿ ಅಡಿಯಿಂದ ಮುಡಿಯವರೆಗೆ ಕಪ್ಪು ತೊಟ್ಟ ನಿಗೂಢ ಹಂತಕನೊಬ್ಬ ಚಿರತೆಯಂತೆ ಕೋಟೆಯ ಗೋಡೆ ಏರಿದ.”

ಯಾವ ಕೋಟೆ? ಯಾವ ವರ್ಷ? ಅವನನ್ನು ಕಳಿಸಿದವರು ಯಾರು? ‘ನಿಗೂಢ’ ಎಂದು ಬರೆದಾಗ, ನನಗೆ ಅವನ ಬಗ್ಗೆ ಏನೂ ಗೊತ್ತಿಲ್ಲ ಎಂದು ನೀವೇ ಒಪ್ಪಿಕೊಂಡಂತಾಯಿತು. ‘ಚಿರತೆಯಂತೆ’ ಹೊಡೆದುಹಾಕಿದ್ದೇನೆ. ಇನ್ನು ಆ ಕಪ್ಪು ಉಡುಪು. ಜಪಾನಿನ ಸಾಂಪ್ರದಾಯಿಕ ನಾಟಕವಾದ ಕಬುಕಿಯ ರಂಗದ ಮೇಲೆ ಸಾಮಾನು ಎತ್ತಿಡುವ ಕುರೊಕೊ ಎಂಬ ಸಹಾಯಕರು ಹಾಗೆ ಮೈತುಂಬ ಕಪ್ಪು ತೊಡುತ್ತಾರೆ. ಅವರು ಕಣ್ಣಿಗೆ ಬಿದ್ದರೂ ಇಲ್ಲವೆಂದೇ ಪ್ರೇಕ್ಷಕರು ಭಾವಿಸಿಕೊಳ್ಳಬೇಕು. ನಿಮ್ಮ ಹಂತಕನ ಬಟ್ಟೆ ಈ ರಂಗದಿಂದಲೇ ಬಂದಿರುವ ಸಾಧ್ಯತೆ ಹೆಚ್ಚು. ಕಪ್ಪು ತೊಟ್ಟು ಹಗ್ಗ ಹಿಡಿದು ಏರುವವನನ್ನು ಚಿತ್ರಕಾರ ಹೊಕುಸಾಯಿ ಬರೆದ ಚಿತ್ರ ಅಚ್ಚಾದದ್ದು 1817ರಲ್ಲಿ. ಅಷ್ಟು ಹೊತ್ತಿಗೆ ನಿಂಜಾಗಳ ತವರಾದ ಇಗಾ ನಾಡು ನುಚ್ಚುನೂರಾಗಿ 236 ವರ್ಷಗಳು ಕಳೆದಿದ್ದವು. 1681ರ ಕೈಪಿಡಿಯೊಂದು ಬೇಹಿಗೆ ಹೊರಡುವವನಿಗೆ ಏಳು ವೇಷಗಳನ್ನು ಹೇಳುತ್ತದೆ: ಕೊಳಲೂದುವ ಭಿಕ್ಷು, ಸನ್ಯಾಸಿ, ಬೆಟ್ಟದ ತಪಸ್ವಿ, ವ್ಯಾಪಾರಿ, ಬೀದಿ ಆಟಗಾರ, ನಾಟಕದವನು, ಏಳನೆಯದು, ಎಲ್ಲರಂತೆ ಇರುವ ಸಾಮಾನ್ಯ ಮನುಷ್ಯ. ಆ ಏಳನೆಯದನ್ನು ಓದಿ ಒಂದು ಗಳಿಗೆ ಸುಮ್ಮನೆ ಕುಳಿತುಕೊಳ್ಳಿ. ನಿಮ್ಮ ಲೇಖನಕ್ಕೆ ಬೇಕಾದ ಮನುಷ್ಯ ಅವನೇ.

ಎರಡನೆಯ ಸಾಲು: “ಮಾನವಂತ ಸಮುರಾಯ್‌ಗಳಿಗೆ ನಿಂಜಾಗಳು ಬದ್ಧವೈರಿಗಳಾಗಿದ್ದರು ಎನ್ನಲಾಗುತ್ತದೆ.”

ಅನ್ನುವವರು ಯಾರು? ಇಡೀ ಲೇಖನದಲ್ಲಿ ಈ ‘ಎನ್ನಲಾಗುತ್ತದೆ’ ಹದಿನಾಲ್ಕು ಸಲ ಬಂದಿದೆ. ಎಣಿಸಿದ್ದೇನೆ. ಈ ಪದ ಕಂಡರೆ ನನಗೆ ಇಂದಿಗೂ ಮೈ ಬಿಸಿಯಾಗುತ್ತದೆ. ನಾನು ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಸಂತೆಪೇಟೆಯ ರಾತ್ರಿ ಕಾವಲುಗಾರನ ಮೇಲೆ ಒಂದು ಲೇಖನ ಬರೆದಿದ್ದೆ. ‘ಇರುಳಿನ ಮೌನ ಸಾಕ್ಷಿ’ ಎಂದೆಲ್ಲ ಅಲಂಕಾರ ಮಾಡಿದ್ದೆ. ನಮ್ಮ ಸಂಪಾದಕರು ಒಂದೇ ಪ್ರಶ್ನೆ ಕೇಳಿದರು: “ಅವನಿಗೆ ರಾತ್ರಿ ಊಟ ಎಲ್ಲಿಂದ ಬರುತ್ತದೆ?” ನನಗೆ ಗೊತ್ತಿರಲಿಲ್ಲ. ಹಾಳೆಗಳನ್ನು ನನ್ನ ಕೈಗಿಟ್ಟು ಮತ್ತೆ ಪೇಟೆಗೆ ಕಳಿಸಿದರು. ಒಂಬತ್ತು ಗಂಟೆಗೆ ಕಾವಲುಗಾರನ ಮಗಳು ಅಲ್ಯುಮಿನಿಯಂ ಡಬ್ಬಿಯಲ್ಲಿ ಮುದ್ದೆ, ಹುರುಳಿ ಸಾರು ತಂದಳು. ಅವನು ಉಂಡು ಮುಗಿಸುವವರೆಗೂ ಅಪ್ಪನ ಕೋಲು, ಲಾಟೀನು ಹಿಡಿದು ಅವಳೇ ಅಂಗಡಿಸಾಲನ್ನು ಒಂದು ಸುತ್ತು ಹಾಕಿ ಬಂದಳು. ಆ ಲೇಖನವನ್ನು ನಾನು ಮೊದಲಿನಿಂದ ಬರೆದೆ. ‘ಎನ್ನಲಾಗುತ್ತದೆ’ ಎಂದು ಬರೆಯುವ ಅಗತ್ಯ ಒಂದು ಕಡೆಯೂ ಬೀಳಲಿಲ್ಲ.

ನಿಮ್ಮ ಸಾಲಿಗೆ ಮರಳುತ್ತೇನೆ. ಇಗಾದಲ್ಲಿ ಸುತ್ತಲೂ ಬೆಟ್ಟ, ನಡುವೆ ಗದ್ದೆ. ಇಡೀ ನಾಡನ್ನು ಅಂಕೆಯಲ್ಲಿಡುವ ದೊಡ್ಡ ಒಡೆಯನಿರಲಿಲ್ಲ. ಇದ್ದವರು ಊರಲ್ಲೇ ನೆಲೆಸಿ ಬೇಸಾಯ ನೋಡಿಕೊಂಡು, ಕರೆ ಬಂದಾಗ ಕತ್ತಿ ಹಿಡಿಯುವ ಸಣ್ಣ ಹಿಡುವಳಿಯ ಸಮುರಾಯ್‌ಗಳು. 16ನೆಯ ಶತಮಾನದಲ್ಲಿ ಅವರೆಲ್ಲ ಕೂಡಿ ಕಟ್ಟಳೆ ಬರೆದುಕೊಂಡರು: ಶತ್ರು ನುಗ್ಗಿದರೆ ಹಳ್ಳಿ ಹಳ್ಳಿಯಲ್ಲಿ ಗಂಟೆ ಬಾರಿಸಬೇಕು, 17ರಿಂದ 50 ವರ್ಷದವರು ಹೊರಡಬೇಕು. ಬೇಹುಗಾರಿಕೆ ಬೆಳೆದದ್ದು ಇಂಥ ನೆಲದಲ್ಲಿ. ಕೈಯಲ್ಲಿ ದೊಡ್ಡ ಸೈನ್ಯವಿಲ್ಲದವರಿಗೆ ಪಕ್ಕದವನ ಸುದ್ದಿ ಮೊದಲೇ ತಿಳಿಯಬೇಕಿತ್ತು. 1579ರಲ್ಲಿ ನೆರೆನಾಡಿನ ಒಡೆಯ ಒಡಾ ನೊಬುಕಾತ್ಸು ದಂಡೆತ್ತಿ ಬಂದು ಸೋತು ಹೋದ. ಎರಡು ವರ್ಷದ ಮೇಲೆ ಅವನ ತಂದೆ, ಅಂದಿನ ಪ್ರಬಲ ಸೇನಾನಾಯಕ ನೊಬುನಾಗ, ಹತ್ತಾರು ಸಾವಿರ ಜನರ ಸೈನ್ಯ ನುಗ್ಗಿಸಿ ನಾಡನ್ನು ಸುಟ್ಟ. 1582ರಲ್ಲಿ ನೊಬುನಾಗ ಸತ್ತು, ಅವನ ಮಿತ್ರ, ಮುಂದೆ ದೇಶವನ್ನಾಳಿದ ಟೊಕುಗಾವಾ ಇಯೆಯಾಸು ಜೀವ ಉಳಿಸಿಕೊಂಡು ತನ್ನ ನಾಡಾದ ಮಿಕಾವಾಕ್ಕೆ ಓಡುವಾಗ ದಾರಿ ಕಾಯ್ದದ್ದು ಇದೇ ಇಗಾದವರು. ಮುಂದೆ ಅವರಿಗೆ ಎಡೊ (ಇಂದಿನ ಟೋಕಿಯೊ) ಕೋಟೆಯ ಕಾವಲಿನ ಕೆಲಸ ಸಿಕ್ಕಿತು. ಅವರ ನಾಯಕ ಹತ್ತೋರಿ ಹಾನ್ಜೊ. ಅವನ ಹೆಸರಿನ ಹಾನ್ಜೊಮೊನ್ ಬಾಗಿಲು ಟೋಕಿಯೊದಲ್ಲಿ ಈಗಲೂ ಇದೆ. ಇವರನ್ನು ಸಮುರಾಯ್‌ಗಳ ವೈರಿಗಳು ಎಂದು ಬರೆಯಲು ನಿಮಗೆ ಹೇಗೆ ಮನಸ್ಸು ಬಂತು?

ಇನ್ನು ಒಂಬತ್ತನೆಯ ಪುಟ. 1637–38ರ ಶಿಮಾಬಾರಾ ದಂಗೆ. ಹಾರಾ ಕೋಟೆಯೊಳಗೆ ಬಹುಪಾಲು ಕ್ರೈಸ್ತ ರೈತರು. ಹೊರಗೆ ಸರ್ಕಾರದ ಮುತ್ತಿಗೆ. ಇಗಾದ ನೆರೆಯ ಕೋಗಾದಿಂದ ಬಂದ ನಿಂಜಾಗಳಿಗೆ ಒಳಗೆ ಆಹಾರ ಎಷ್ಟಿದೆ ಎಂದು ತಿಳಿದು ಬರುವ ಕೆಲಸ. ಹೊರಗಿನವರು ಗುಂಡು ಹಾರಿಸಿದರು, ಒಳಗಿನವರು ದೀಪ ಆರಿಸಿದರು, ಆ ಕತ್ತಲಲ್ಲಿ ಇವರು ಕೋಟೆಯವರ ವೇಷದಲ್ಲೇ ನುಸುಳಿದರು. ಆದರೆ ಆ ಸೀಮೆಯ ಮಾತೂ ಕ್ರೈಸ್ತ ಪ್ರಾರ್ಥನೆಯ ಪದಗಳೂ ಅವರಿಗೆ ಅರ್ಥವಾಗಲಿಲ್ಲ. ಶಿಲುಬೆಯ ಧ್ವಜವೊಂದನ್ನು ಕಿತ್ತು ತಂದರು. ಇಬ್ಬರು ಗಾಯಗಳಿಂದ 40 ದಿನ ನರಳಿದರು.

ಬೇಹಿಗೆ ಹೋದವನು ಶತ್ರುಗಳ ನಡುವೆ, ಶತ್ರುವಿನ ಬಟ್ಟೆಯಲ್ಲೇ ನಿಂತಿದ್ದಾನೆ. ಪಕ್ಕದವನು ಏನೋ ಕೇಳುತ್ತಾನೆ, ಇವನಿಗೆ ತಿಳಿಯುವುದಿಲ್ಲ. ಇದನ್ನು ನೀವು ಒಂದೂವರೆ ಸಾಲಿನಲ್ಲಿ ಮುಗಿಸಿ, ಮುಂದಿನ ಎರಡು ಪುಟ ನಕ್ಷತ್ರದಾಕಾರದ ಅಲಗುಗಳಿಗೆ ಕೊಟ್ಟಿದ್ದೀರಿ.

ಲೇಖನ ಹಾರಾ ಕೋಟೆಯಿಂದ ಶುರುವಾಗಲಿ. ಅಲ್ಲಿಂದ ಹಿಂದಕ್ಕೆ, ಇಗಾ ಮತ್ತು ಕೋಗಾದ ಗದ್ದೆಗಳಿಗೆ ಹೋಗಿ. ಮುಂದಿನ ತಿಂಗಳ 10ರೊಳಗೆ ಕಳಿಸಿದರೆ ಮರುಸಂಚಿಕೆಗೆ ಜಾಗ ಇಡುತ್ತೇನೆ. ಉಳಿದ ಹಾಳೆಗಳನ್ನು ಈ ಪತ್ರದ ಜೊತೆ ಮರಳಿಸಿದ್ದೇನೆ. ಒಂಬತ್ತನೆಯದನ್ನು ಮಾತ್ರ ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ.

ನಿಮ್ಮ,
ಸಂಪಾದಕ