ತಂತಿ ಬಿಚ್ಚಿದೊಡನೆ ಮೇಲಕ್ಕೇಳುವ ಸ್ಪ್ರೂಸ್ ಕೊಂಬೆಗಳು

ಕುಂಡದಲ್ಲಿ ಬೋನ್ಸಾಯ್ (ಕುಬ್ಜ ಮರ) ಆಗಿ ಬೆಳೆಸುತ್ತಿರುವ, ಸೂಜಿ ಎಲೆಯ ಸ್ಪ್ರೂಸ್ ಮರಕ್ಕೆ ಆಕಾರ ಕೊಡಲೆಂದು ಆರು ತಿಂಗಳು ತಂತಿ ಸುತ್ತಿ ಬಗ್ಗಿಸಿದ ಕೊಂಬೆಗಳು ಬಿಚ್ಚಿದ ವಾರದಲ್ಲೇ ಮತ್ತೆ ಮೇಲಕ್ಕೆದ್ದವು, ಎಲ್ಲಿ ತಪ್ಪಿದೆ ಎಂದು ಕೇಳಿದ್ದೀರಿ. ನೀವು ತಪ್ಪಿದ್ದೇನೂ ಇಲ್ಲ, ಅವಧಿ ಸಾಲಲಿಲ್ಲ ಅಷ್ಟೇ. ಸ್ಪ್ರೂಸ್ ಮರದ ಜಾಯಮಾನವೇ ಹಾಗೆ: ಎಷ್ಟು ಸಲೀಸಾಗಿ ಬಾಗುತ್ತದೆಯೋ ಅಷ್ಟೇ ಸಲೀಸಾಗಿ ಹಿಂದಕ್ಕೆ ಚಿಮ್ಮುತ್ತದೆ. ಆ ಬಾಗು ನಿಲ್ಲಲು ಕೊಂಬೆಯೊಳಗೆ ಹೊಸ ಕಟ್ಟಿಗೆ ಬಲಿಯಬೇಕು. ಅದಕ್ಕೆ ಎರಡು ಮೂರು ವರ್ಷವೂ ಹಿಡಿಯಬಹುದು.

ಹಾಗೆಂದು ಒಂದೇ ತಂತಿಯನ್ನು ಅಷ್ಟು ಕಾಲ ಬಿಡಬೇಡಿ. ಬೆಳವಣಿಗೆಯ ತಿಂಗಳುಗಳಲ್ಲಿ ಎರಡು ವಾರಕ್ಕೊಮ್ಮೆ ಸೂಜಿ ಎಲೆಗಳನ್ನು ಬೆರಳಿನಿಂದ ಸರಿಸಿ ನೋಡಿ. ತಂತಿಯ ಇಕ್ಕೆಲಗಳಲ್ಲಿ ತೊಗಟೆ ಉಬ್ಬಿ, ತಂತಿ ಹೂತುಕೊಳ್ಳುವಂತೆ ಕಂಡರೆ ತಡಮಾಡದೆ ತೆಗೆಯಿರಿ. ಸುರುಳಿ ಬಿಚ್ಚಲು ಹೋಗದೆ ತುಂಡು ತುಂಡಾಗಿ ಕತ್ತರಿಸಿ. ಎಳೆದರೆ ತೊಗಟೆಯೂ ಜೊತೆಗೆ ಬರುತ್ತದೆ. ಆಮೇಲೆ ಹಳೆಯ ಗುರುತು ಬಿಟ್ಟು ಬೇರೆ ಜಾಡಿನಲ್ಲಿ ಹೊಸ ತಂತಿ ಸುತ್ತಿ. ನನ್ನ ಮರದ ಕೆಳಗಿನ ಕೊಂಬೆಯೊಂದು ಮೂರನೆಯ ಸಲಕ್ಕೆ ಮಾತು ಕೇಳಿತು. ದಪ್ಪ ಕೊಂಬೆಯಾದರೆ ಸುತ್ತುವುದಕ್ಕಿಂತ ಕೆಳಕ್ಕೆ ಎಳೆದು ಕುಂಡಕ್ಕೆ ಕಟ್ಟುವುದು ಮೇಲು. ಕಟ್ಟುವ ಜಾಗಕ್ಕೆ ರಬ್ಬರ್ ತುಂಡು ಇಡಿ.

ಮರ ನಿದ್ರಿಸುವ ಕಾಲದಲ್ಲಿ, ಅಂದರೆ ಶರತ್ಕಾಲದ ಕೊನೆಯಿಂದ ಚಳಿಗಾಲದ ಅಂತ್ಯದೊಳಗೆ ತಂತಿ ಸುತ್ತಿದರೆ ಎಳೆಯ ಚಿಗುರು ಮುರಿಯುವ ಭಯವಿಲ್ಲ. ಅದೇ ವರ್ಷ ಕುಂಡ ಬದಲಿಸುವ ಕೆಲಸವನ್ನು ಮಾತ್ರ ದಯವಿಟ್ಟು ಹಚ್ಚಿಕೊಳ್ಳಬೇಡಿ.

ಮೊಂಡು ಕೊಂಬೆಗಳನ್ನು ಕತ್ತರಿಸಿಬಿಡಲೇ ಎಂದೂ ಬರೆದಿದ್ದೀರಿ. ಬೇಡ. ಹಸಿರು ಸೂಜಿಗಳೇ ಇಲ್ಲದ ಬೋಳು ಭಾಗದವರೆಗೆ ಕತ್ತರಿಸಿದರೆ ಅಲ್ಲಿ ಮತ್ತೆ ಚಿಗುರುವುದು ತೀರಾ ಅಪರೂಪ.