ಮೆಟ್ರೊ ಪ್ರಯಾಣ ದರ ಯಾರ ಕೈಯಲ್ಲಿದೆ?

ಪ್ರಶ್ನೆ: 2025ರ ಫೆಬ್ರುವರಿಯಲ್ಲಿ ನಮ್ಮ ಮೆಟ್ರೊ ದರ ಏರಿದಾಗ ಕೇಂದ್ರ ಮತ್ತು ರಾಜ್ಯದ ನಾಯಕರು ಪರಸ್ಪರರತ್ತ ಬೊಟ್ಟು ಮಾಡಿದರು. ಒಂದೇ ನಗರದೊಳಗೆ ಓಡುವ ರೈಲಿನ ಮೇಲೆ ನಿಜವಾದ ಅಧಿಕಾರ ಯಾರದು?

ಉತ್ತರ: ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ರೈಲ್ವೆ ಕೇಂದ್ರ ಪಟ್ಟಿಯ ವಿಷಯ, ಅಂದರೆ ಅದರ ಬಗ್ಗೆ ಕಾನೂನು ಮಾಡುವುದು ಸಂಸತ್ತು. ಆದರೆ ‘ರೈಲ್ವೆ’ ಎಂದರೇನೆಂದು ಹೇಳುವ 366(20)ನೆಯ ವಿಧಿಯು ನಗರಸಭೆಯ ವ್ಯಾಪ್ತಿಯೊಳಗಷ್ಟೇ ಓಡುವ ಟ್ರಾಮ್ (ಬೀದಿಯ ಹಳಿಗಳ ಮೇಲೆ ಸಾಗುವ ಬಂಡಿ) ಮಾರ್ಗವನ್ನು ಅದರಿಂದ ಹೊರಗಿಡುತ್ತದೆ. ಒಂದೇ ರಾಜ್ಯದೊಳಗಿರುವ ಬೇರೆ ಮಾರ್ಗವನ್ನೂ ರೈಲ್ವೆಯಲ್ಲವೆಂದು ಘೋಷಿಸುವ ಅಧಿಕಾರವನ್ನು ಸಂಸತ್ತಿಗೆ ಕೊಡುತ್ತದೆ. ಹೈದರಾಬಾದ್ ಮೆಟ್ರೊ ಮೊದಲು ಆಂಧ್ರಪ್ರದೇಶದ 2008ರ ಟ್ರಾಮ್ ಕಾಯ್ದೆಯ ಆಸರೆಯಲ್ಲಿಯೇ ಶುರುವಾಗಿ, ಆಮೇಲೆ ಕೇಂದ್ರದ ಮೆಟ್ರೊ ರೈಲ್ವೆ ಕಾಯ್ದೆಯಡಿ ಬಂದಿತು. ದೆಹಲಿಗೆಂದು 2002ರಲ್ಲಿ ರೂಪಿಸಿದ ಆ ಕಾಯ್ದೆಯು 2009ರ ತಿದ್ದುಪಡಿಯಿಂದಾಗಿ ಬೆಂಗಳೂರಿಗೂ ಅನ್ವಯವಾಗುತ್ತದೆ.

ದರದ ವಿಚಾರದಲ್ಲಿ ಈ ಕಾಯ್ದೆಯ ಮಾತು ಸ್ಪಷ್ಟವಾಗಿದೆ. ದರ ನಿಗದಿ ಸಮಿತಿಯನ್ನು ರಚಿಸುವುದು ಕೇಂದ್ರ ಸರ್ಕಾರ. ಹೈಕೋರ್ಟಿನ ಹಾಲಿ ಅಥವಾ ಮಾಜಿ ನ್ಯಾಯಮೂರ್ತಿಯೊಬ್ಬರು ಅಧ್ಯಕ್ಷರಾಗಿರುವ ಈ ಸಮಿತಿಗೆ ಕೇಂದ್ರ ಮತ್ತು ರಾಜ್ಯ ತಲಾ ಒಬ್ಬ ಸದಸ್ಯರನ್ನು ಹೆಸರಿಸುತ್ತವೆ. ಸಮಿತಿಯ ಶಿಫಾರಸು ಮೆಟ್ರೊ ಆಡಳಿತವನ್ನು ಕಟ್ಟಿಹಾಕುತ್ತದೆಂದು 37ನೆಯ ಸೆಕ್ಷನ್ ಹೇಳುತ್ತದೆ. ಇತ್ತ ಮೆಟ್ರೊ ನಿಗಮದಲ್ಲಿ ಎರಡೂ ಸರ್ಕಾರಗಳ ಪಾಲು ಸಮ. ಕೇಂದ್ರದ ನಗರ ವ್ಯವಹಾರಗಳ ಕಾರ್ಯದರ್ಶಿ ಅದರ ಅಧ್ಯಕ್ಷರು. ಹೀಗಿರುವಾಗ ‘ನಮ್ಮದೇನೂ ಇಲ್ಲ’ ಎನ್ನುವ ಅಧಿಕಾರ ಯಾವ ಪಕ್ಷಕ್ಕೂ ಇಲ್ಲ.

ಉಳಿದ ಹೊಣೆಗಳೂ ಹೀಗೆಯೇ ಹಂಚಿಹೋಗಿವೆ. ಹೊಸ ಮಾರ್ಗ ಸುರಕ್ಷಿತವೆಂದು ಪ್ರಮಾಣೀಕರಿಸುವ ಆಯುಕ್ತರು ರೈಲ್ವೆ ಸಚಿವಾಲಯದವರಲ್ಲ, ನಾಗರಿಕ ವಿಮಾನಯಾನ ಸಚಿವಾಲಯದಡಿ ಇರುವವರು. ರೈಲು ಓಡಿಸುವವರೇ ಸುರಕ್ಷತೆಯ ತೀರ್ಪನ್ನೂ ಕೊಡಬಾರದೆಂಬ ಈ ಏರ್ಪಾಡು ವಿವೇಕದ್ದು. ನಿಲ್ದಾಣದಲ್ಲಿ ಫೋನ್ ಕಳುವಾದರೆ ದೂರು ಕೊಡಬೇಕಾದದ್ದು ರಾಜ್ಯದ ಪೊಲೀಸರಿಗೆ.

ನನ್ನ ಆಕ್ಷೇಪ ಹಂಚಿಕೆಯ ಬಗ್ಗೆ ಅಲ್ಲ, ಅದರ ಮರೆಯಲ್ಲಿ ನಡೆದದ್ದರ ಬಗ್ಗೆ. 2017ರ ನಂತರ ಪರಿಷ್ಕರಣೆಯಾಗದ ದರ ಒಮ್ಮೆಲೇ ಜಿಗಿದು, ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಏರಿತು; ಸಮಿತಿಯ ವರದಿ ಮಾತ್ರ ತಿಂಗಳುಗಟ್ಟಲೆ ಪ್ರಯಾಣಿಕರ ಕೈಗೆ ಸಿಗಲಿಲ್ಲ. ಶಿಫಾರಸು ನಿಗಮವನ್ನೇ ಕಟ್ಟಿಹಾಕುವಷ್ಟು ಬಲವಾದದ್ದಾಗಿದ್ದರೆ, ಹೊಸ ದರ ಜಾರಿಯಾಗುವ ಮುನ್ನವೇ ಆ ವರದಿಯನ್ನು ಪ್ರಕಟಿಸಬೇಕೆಂದು ಸಂಸತ್ತು ಕಾಯ್ದೆಯಲ್ಲಿ ಬರೆಯಬೇಕು. ಆ ತಿದ್ದುಪಡಿಯನ್ನು ಕರ್ನಾಟಕದ ಸಂಸದರು ಪಕ್ಷಭೇದವಿಲ್ಲದೆ ಕೇಳಬಹುದು.